ಕ್ಯಾಮೆರಾ ಪಕ್ಕದಲ್ಲಿ ನಿಂತವನು

ಅಮೆರಿಕದ ಲಾಸ್ ಏಂಜಲೀಸ್ ನಗರದಲ್ಲಿ ಆರ್ಲೋ ಪೆಟ್ರಿ ಎಂಬ ಮುದಿ ನಟನಿದ್ದ. ಸಿನಿಮಾ ಇರಲಿ, ಟಿವಿ ಧಾರಾವಾಹಿ ಇರಲಿ, ಅವನಿಗೆ ಸಿಗುತ್ತಿದ್ದದ್ದು ಚಿಕ್ಕ ಪಾತ್ರ. ಒಮ್ಮೆ ನ್ಯಾಯಾಧೀಶ, ಒಮ್ಮೆ ಪಾದ್ರಿ, ಇನ್ನೊಮ್ಮೆ ಗುಂಡೇಟಿಗೆ ಮೊದಲು ಬೀಳುವ ಕಾವಲುಗಾರ. ದಾರಿಯಲ್ಲಿ ಕಂಡವರು, "ನಿಮ್ಮನ್ನು ಎಲ್ಲೋ ನೋಡಿದ ಹಾಗಿದೆಯಲ್ಲ?" ಅನ್ನುತ್ತಿದ್ದರು. ಹೆಸರು ಮಾತ್ರ ಯಾರಿಗೂ ಹೊಳೆಯುತ್ತಿರಲಿಲ್ಲ. ಹೆಂಡತಿ ತೀರಿಹೋದ ಮೇಲಂತೂ ಅವನನ್ನು ಹೆಸರು ಹಿಡಿದು ಕರೆಯುವವರೇ ಇಲ್ಲವಾದರು.

ಒಂದು ದಿನ ಧಾರಾವಾಹಿಯೊಂದರಲ್ಲಿ ಅವನಿಗೆ ಆಸ್ಪತ್ರೆಯ ಜವಾನನ ಪಾತ್ರ. ಬಾಗಿಲು ತೆರೆದು ಪಕ್ಕಕ್ಕೆ ಸರಿದರೆ ಮುಗಿಯಿತು. ಅದೇ ದೃಶ್ಯದಲ್ಲಿ ಡೆಲ್ಲಾ ಎಂಬ ಹೊಸ ನಟಿಯೂ ಇದ್ದಳು. "ನಿಮ್ಮ ಗಂಡ ಉಳಿಯಲಿಲ್ಲ" ಎಂದು ವೈದ್ಯ ಹೇಳಬೇಕು, ಅವಳು ಕುಸಿದು ಅಳಬೇಕು. ವೈದ್ಯನಾಗಿದ್ದವನು ಧಾರಾವಾಹಿಯ ನಾಯಕ. ಇಬ್ಬರ ಮುಖವನ್ನೂ ಒಂದಾದ ಮೇಲೊಂದರಂತೆ ಬೇರೆಬೇರೆಯಾಗಿ ಚಿತ್ರೀಕರಿಸುತ್ತಿದ್ದರು. ತನ್ನ ಮುಖದ ಚಿತ್ರೀಕರಣ ಮುಗಿದದ್ದೇ ತಡ, ಅವನು ಎದ್ದು ಹೊರಟುಹೋದ. ಕ್ಯಾಮೆರಾ ಡೆಲ್ಲಾಳ ಕಡೆ ತಿರುಗಿದಾಗ ಅವಳೆದುರು ಖಾಲಿ ಕುರ್ಚಿಯೊಂದೇ ಉಳಿದಿತ್ತು.

"ಆ ಕುರ್ಚಿಯನ್ನೇ ನೋಡಿ ಅಳಮ್ಮ," ಎಂದ ನಿರ್ದೇಶಕ.

ಡೆಲ್ಲಾ ಪ್ರಯತ್ನಪಟ್ಟಳು. ಕಣ್ಣೀರು ಬರಲಿಲ್ಲ.

"ಆಗದಿದ್ದರೆ ಇವಳ ಭಾಗವನ್ನೇ ತೆಗೆದುಬಿಡೋಣ," ಎಂದು ನಿರ್ದೇಶಕ ಗೊಣಗಿದ.

ಆರ್ಲೋನ ಕೆಲಸ ಮುಗಿದಿತ್ತು. ಕೋಟು ಹಾಕಿಕೊಂಡು ಬಾಗಿಲ ತನಕ ಹೋಗಿದ್ದವನು ಆ ಮಾತು ಕೇಳಿ ಹಿಂದಿರುಗಿದ.

"ವೈದ್ಯನ ಮಾತನ್ನು ನಾನು ಹೇಳಲೇ?" ಎಂದು ನಿರ್ದೇಶಕನನ್ನು ಕೇಳಿದ.

"ನೀವು ತೆರೆಯ ಮೇಲೆ ಕಾಣುವುದಿಲ್ಲವಲ್ಲ."

"ಗೊತ್ತು."

ಅವನು ಕುರ್ಚಿ ಸರಿಸಿ ಕ್ಯಾಮೆರಾ ಪಕ್ಕದಲ್ಲಿ ನಿಂತ. ಹೆಂಡತಿ ಸತ್ತ ದಿನ ವೈದ್ಯರು ತನಗೆ ಹೇಗೆ ಹೇಳಿದ್ದರೋ, ಹಾಗೇ ಮೆಲ್ಲಗೆ ಹೇಳಿದ. ಹೇಳುತ್ತಿದ್ದಂತೆ ಅವನ ಕಣ್ಣು ತುಂಬಿ ಬಂತು. ಡೆಲ್ಲಾ ಆ ಕಣ್ಣುಗಳನ್ನೇ ನೋಡುತ್ತ ಬಿಕ್ಕಿ ಬಿಕ್ಕಿ ಅತ್ತಳು.

ಆಮೇಲೆ ಅವಳು ಬಂದು ಅವನ ಕೈ ಹಿಡಿದುಕೊಂಡಳು. "ನೀವೇಕೆ ವಾಪಸ್ ಬಂದಿರಿ?"

"ನನ್ನ ಮುಂದೆಯೂ ಎಷ್ಟೋ ಸಲ ಹೀಗೆ ಖಾಲಿ ಕುರ್ಚಿ ಇಟ್ಟಿದ್ದಾರೆ ಮಗಳೇ. ಅದರ ಜೊತೆ ಮಾತಾಡುವುದು ಬಹಳ ಕಷ್ಟ."

ಧಾರಾವಾಹಿ ಪ್ರಸಾರವಾದ ಸಂಜೆ ಆರ್ಲೋ ಸೂಪಿನ ಬಟ್ಟಲು ಹಿಡಿದು ಒಬ್ಬನೇ ಟಿವಿ ಮುಂದೆ ಕೂತ. ಅವನು ಬಾಗಿಲು ತೆರೆಯುವ ತುಣುಕನ್ನು ತೆಗೆದುಹಾಕಿದ್ದರು. ನಾಯಕನ ಮುಖ ಬಂತು, ಅದರ ಬೆನ್ನಿಗೇ ಡೆಲ್ಲಾಳ ಕಣ್ಣೀರು. ಅವಳು ನಾಯಕನನ್ನು ನೋಡಿಯೇ ಅತ್ತಳೆಂದು ನಾಡೆಲ್ಲ ನಂಬಿತು. ಅವಳು ನೋಡಿದ್ದು ಯಾರನ್ನೆಂದು ಆರ್ಲೋಗೆ ಗೊತ್ತಿತ್ತು. ಅವನು ತಣ್ಣಗಾಗಿದ್ದ ಸೂಪನ್ನು ಕುಡಿದು ಮುಗಿಸಿದ.

ನೀತಿ: ಒಂಟಿತನ ಏನೆಂದು ಬಲ್ಲವರು ಇನ್ನೊಬ್ಬರನ್ನು ಒಂಟಿಯಾಗಿ ಬಿಡಬಾರದು. ನಾವು ನಿಂತದ್ದು ಲೋಕಕ್ಕೆ ಕಾಣದಿದ್ದರೂ, ಯಾರಿಗಾಗಿ ನಿಂತೆವೋ ಅವರಿಗೆ ಕಂಡರೆ ಸಾಕು.