ಅಟ್ಟಕ್ಕೆ ಕೂಗಿದ ಹೆಸರು

"ಗುರುಗಳೇ, ಒಂದು ಸಾಲಿನಲ್ಲಿ ಮುಗಿಯುವ ಕೆಲಸಕ್ಕೆ ನಾಲ್ಕು ಸಾಲು ಯಾಕೆ ಬರೆಯಬೇಕು?" ಎಂದು ಪಂಪಾಪತಿ ಕೇಳಿದ.

ಅವನು ಕೇಳಿದ್ದು ತಾನು ಬರೆದ ಪ್ರೋಗ್ರಾಮಿನ ವಿಚಾರ. ಮಠದ ಗ್ರಂಥಭಂಡಾರದಲ್ಲಿ ತಾಳೆಗರಿಗಳಿದ್ದವು. ಹನ್ನೆರಡು ವರ್ಷ ಒಂದೊಂದೇ ಗರಿಯ ಚಿತ್ರ ತೆಗೆದು ಕಂಪ್ಯೂಟರಿಗೆ ಸೇರಿಸಿದ್ದರು. ಅಷ್ಟರಲ್ಲಿ ಅರ್ಧದಷ್ಟು ಗರಿಗಳು ಪುಡಿಯಾಗಿದ್ದವು. ಅವುಗಳ ಪಾಲಿಗೆ ಉಳಿದದ್ದು ಈ ಚಿತ್ರಗಳು ಮಾತ್ರ, ಇವಕ್ಕೆ ಇನ್ನೊಂದು ಪ್ರತಿಯೂ ಇರಲಿಲ್ಲ. ಕೆಲವು ಚಿತ್ರ ಮಸುಕಾಗಿ ಬಂದಿದ್ದವು. ಅವನ್ನು ಮತ್ತೆ ತೆಗೆದು ಹಳೆಯದನ್ನು ಅಳಿಸಬೇಕಿತ್ತು. ಅಳಿಸುವುದಕ್ಕೆ ಪಂಪಾಪತಿ ಒಂದು ಪ್ರೋಗ್ರಾಮ್ ಬರೆದಿದ್ದ. ಗ್ರಂಥಪಾಲಕಿ ಹಾಲಮ್ಮನವರು ಗ್ರಂಥದ ಹೆಸರು ಬರೆದರೆ ಸಾಕು, ಪ್ರೋಗ್ರಾಮ್ 'ಅಳಿಸು' ಎಂಬ ಆಜ್ಞೆಯ ಮುಂದೆ ಆ ಹೆಸರನ್ನು ಅಂಟಿಸಿ ಇಡೀ ಸಾಲನ್ನು ಶೆಲ್‌ಗೆ ಕೊಡುತ್ತಿತ್ತು. ಶೆಲ್ ಎಂದರೆ ಕಂಪ್ಯೂಟರಿನ ಒಳಗಿನ ಆಳು. ಕೊಟ್ಟ ಸಾಲನ್ನು ಓದುತ್ತದೆ, ಓದಿದ ಹಾಗೆ ಮಾಡಿ ಮುಗಿಸುತ್ತದೆ.

ನಾಳೆ ಬೆಳಿಗ್ಗೆ ಹಾಲಮ್ಮನವರು ಕೆಲಸ ಶುರು ಮಾಡುವವರಿದ್ದರು. ಗುರುಗಳು ಮಾತ್ರ, ಹೆಸರನ್ನು ಆಜ್ಞೆಗೆ ಅಂಟಿಸಬೇಡ, ಎರಡನ್ನೂ ಬೇರೆ ಬೇರೆಯಾಗಿ ಕೊಡು ಎಂದಿದ್ದರು. ಅದಕ್ಕೆ ದಾರಿ ಇದೆಯೆಂದು ಪಂಪಾಪತಿಗೂ ಗೊತ್ತಿತ್ತು. ಆದರೆ ಬೇರೆ ಮಾಡಿ ಕೊಟ್ಟರೂ ಅಳಿಯುವುದು ಅದೇ ಚಿತ್ರವಲ್ಲವೇ ಎಂಬುದು ಅವನ ತಲೆಯಲ್ಲಿ ಕೊರೆಯುತ್ತಿತ್ತು. ಅವನಿಗೆ ಸೋಮಾರಿತನವಿರಲಿಲ್ಲ. ಕಾರಣ ತಿಳಿಯದೆ ಒಂದು ಸಾಲನ್ನೂ ಬರೆಯದ ಸ್ವಭಾವ ಅವನದು.

ಗುರುಗಳ ಕೈಯಲ್ಲಿ ಹಾಲಮ್ಮನವರು ಬರೆದ ಗ್ರಂಥಗಳ ಪಟ್ಟಿಯಿತ್ತು. ಅಲ್ಲಲ್ಲಿ ಹೆಸರಿನ ಮೊದಲಿಗೆ ಒಂದು ನಕ್ಷತ್ರದ ಗುರುತು ಕಾಣುತ್ತಿತ್ತು. ಇದೇನೆಂದು ಗುರುಗಳು ಕೇಳಿದರು.

"ಚಿತ್ರ ಮತ್ತೆ ತೆಗೆಯಬೇಕಾದ ಗ್ರಂಥಗಳಿಗೆ ಹಾಲಮ್ಮನವರು ಹಾಕುವ ಗುರುತು, ಗುರುಗಳೇ. ಮೊದಲು ನಕ್ಷತ್ರ, ಸ್ವಲ್ಪ ಜಾಗ, ಆಮೇಲೆ ಹೆಸರು. ಮೂವತ್ತು ವರ್ಷದ ಅಭ್ಯಾಸ, ಎಲ್ಲಿ ಬರೆದರೂ ಹಾಗೆಯೇ ಬರೆಯುತ್ತಾರೆ."

ಗುರುಗಳು ಹೂಂ ಎಂದು ಪಟ್ಟಿಯನ್ನು ಪಕ್ಕಕ್ಕಿಟ್ಟು ಒಂದು ಕತೆ ಹೇಳಿದರು.

ಒಂದು ಊರಿನಲ್ಲಿ ಒಬ್ಬ ಜವಳಿ ವರ್ತಕನಿದ್ದ. ಕೆಳಗೆ ಅಂಗಡಿ, ಮೇಲೆ ಅಟ್ಟ. ಬಟ್ಟೆಯೆಲ್ಲ ಅಟ್ಟದಲ್ಲಿ. ಅಲ್ಲಿ ಒಬ್ಬ ಹಳೆಯ ಆಳು ಕೂತಿರುತ್ತಿದ್ದ. ಅವನಿಗೆ ಅಂಗಡಿ ಕಾಣುತ್ತಿರಲಿಲ್ಲ, ಕಿಂಡಿಯಿಂದ ಯಜಮಾನನ ದನಿ ಮಾತ್ರ ಕೇಳುತ್ತಿತ್ತು. ಕೇಳಿದ್ದನ್ನು ಕೇಳಿದ ಕ್ರಮದಲ್ಲಿ ಮಾಡುತ್ತಿದ್ದ. ಯಾಕೆ, ಏನು ಎಂದು ಒಂದು ದಿನವೂ ತಿರುಗಿ ಕೇಳಿದವನಲ್ಲ. ಇಂಥ ಆಳು ಏಳೂರು ಹುಡುಕಿದರೂ ಸಿಗುವುದಿಲ್ಲ ಎಂದು ವರ್ತಕ ಬಂದವರ ಮುಂದೆಲ್ಲ ಹೊಗಳುತ್ತಿದ್ದ.

ಆ ಅಂಗಡಿಯಲ್ಲಿ ಕತ್ತರಿ ಬಳಸುತ್ತಿರಲಿಲ್ಲ. ಅಳತೆ ನೋಡಿ, ಅಂಚಿಗೆ ಸಣ್ಣ ಕಚ್ಚು ಹಾಕಿ, ಬಟ್ಟೆಯನ್ನು ಕೈಯಲ್ಲೇ ಹರಿಯುವುದು ಪದ್ಧತಿ. ವರ್ತಕ ಕೆಳಗಿನಿಂದ ಕೂಗುವನು: "ಬಿಳಿ ಬಟ್ಟೆ ತೆಗೆ, ನಾಲ್ಕು ಮೊಳ ಹರಿ, ಮಡಿಸು, ಕೆಂಚಪ್ಪ." ಆಳು ಬಟ್ಟೆ ತೆಗೆಯುವನು, ನಾಲ್ಕು ಮೊಳ ಹರಿಯುವನು, ಮಡಿಸಿ ಗಂಟು ಕಟ್ಟುವನು. ಕೊನೆಯದು ಗಿರಾಕಿಯ ಹೆಸರು. ಅದನ್ನು ಗಂಟಿನ ಮೇಲೆ ಇದ್ದಿಲಿನಲ್ಲಿ ಬರೆದು ಕೆಳಗಿಳಿಸುವನು. ಎಷ್ಟೋ ವರ್ಷ ಹೀಗೆಯೇ ನಡೆಯಿತು.

ಒಂದು ದಿನ ಒಬ್ಬ ಹೂವಾಡಿಗ ಬಂದ. ಇನ್ನು ನಾಲ್ಕು ದಿನಕ್ಕೆ ಮಗಳ ಮದುವೆ. ಧಾರೆ ಸೀರೆಯನ್ನು ಹೇಳಿ ನೇಯಿಸಿದ್ದ. ಮೂರು ತಿಂಗಳು ಮಗ್ಗದ ಮೇಲಿದ್ದ ಸೀರೆ ಅಂದು ಅಟ್ಟದಲ್ಲಿ ಸಿದ್ಧವಾಗಿತ್ತು. ವರ್ತಕ ಹೆಸರು ಕೇಳಿದ. ಹೂವಾಡಿಗ ಕೈಮುಗಿದು ತನ್ನ ಹೆಸರು ಹೇಳಿದ. ವರ್ತಕ ಎಂದಿನಂತೆ ಮೇಲೆ ನೋಡಿ ಕೂಗಿದ: "ಧಾರೆ ಸೀರೆ ತೆಗೆ, ಹರಿ."

ಅಟ್ಟದಿಂದ ಪರ್ರೆಂದು ಸದ್ದು ಬಂತು.

ಹೂವಾಡಿಗನಿಗೆ ಏನಾಯಿತೆಂದು ಮೊದಲು ತಿಳಿಯಲಿಲ್ಲ. ಸೀರೆ ಎರಡು ತುಂಡಾಗಿ ಇಳಿದು ಬಂದಾಗ ಅದನ್ನು ಮಡಿಲಿಗೆ ಹಾಕಿಕೊಂಡು ಅಲ್ಲೇ ಕೂತುಬಿಟ್ಟ. ಅಪ್ಪ ಅಮ್ಮ ಇಟ್ಟ ಹೆಸರನ್ನು ಹೇಳಿದ್ದಕ್ಕೆ ಅವನಿಗೆ ನಾಚಿಕೆಯಾಯಿತು. ವರ್ತಕ ಏಣಿ ಹತ್ತಿ ಹೋಗಿ ಆಳನ್ನು ಬೈದ. ಹೆಸರು ಹೇಳಿದರೆ ಸೀರೆ ಹರಿಯುತ್ತೀಯಾ ಎಂದ.

"ಯಜಮಾನರೇ, ಯಾವುದು ಹೆಸರು, ಯಾವುದು ಅಪ್ಪಣೆ ಅಂತ ನನಗೆ ಹೇಗೆ ಗೊತ್ತಾಗಬೇಕು? ಎರಡೂ ನಿಮ್ಮ ದನಿಯಲ್ಲೇ ಬಂತು," ಎಂದ ಆಳು.

ಇಲ್ಲಿಗೆ ಬಂದಾಗ ಪಂಪಾಪತಿ ಸುಮ್ಮನಿರಲಾರದೆ ಬಾಯಿ ಹಾಕಿದ. "ಹರಿ ಎಂಬ ಹೆಸರು ಬಂದಾಗ ಮಾತ್ರ ಸ್ವಲ್ಪ ಬೇರೆ ರೀತಿ ಕೂಗಿದರೆ ಆಯಿತಲ್ಲ, ಗುರುಗಳೇ."

"ವರ್ತಕನೂ ನಿನ್ನಷ್ಟೇ ಬುದ್ಧಿವಂತ," ಎಂದು ಗುರುಗಳು ಕತೆ ಮುಂದುವರಿಸಿದರು.

ವರ್ತಕ ಯೋಚಿಸಿ ಒಂದು ಕಟ್ಟಳೆ ಮಾಡಿದ. ಇನ್ನು ಮೇಲೆ ಯಾರ ಹೆಸರಾದರೂ ಸರಿ, ಕೊನೆಗೆ 'ಅಪ್ಪ' ಸೇರಿಸಿ ಕೂಗುವುದು. ಅಪ್ಪ ಎಂದು ಕೇಳಿದರೆ ಅಲ್ಲಿಗೆ ಹೆಸರು ಮುಗಿಯಿತೆಂದು ಆಳು ತಿಳಿಯಬೇಕು. ಹರಿ ಎಂಬುವನು ಹರಿಯಪ್ಪನಾದ. ತಿಮ್ಮ ತಿಮ್ಮಪ್ಪನಾದ. ಹೆಂಗಸರಿಗೂ ಅಪ್ಪ ಸೇರಿತು. ಅವರು ಮುಸಿಮುಸಿ ನಕ್ಕರು, ಆದರೆ ಬಟ್ಟೆ ಹರಿಯಲಿಲ್ಲ. ವರ್ತಕ ತನ್ನ ಬೆನ್ನನ್ನು ತಾನೇ ತಟ್ಟಿಕೊಂಡ.

ಈ ಸುದ್ದಿ ಒಬ್ಬ ಠಕ್ಕನ ಕಿವಿಗೆ ಬಿತ್ತು. ಸಂತೆಯ ದಿನ, ಅಂಗಡಿಯಲ್ಲಿ ಕಾಲಿಡಲು ಜಾಗವಿಲ್ಲದಾಗ, ಅವನು ಬಂದು ಒಂದು ಟವೆಲು ಕೇಳಿದ. ಗಾಡಿಯನ್ನು ಅಟ್ಟದ ಕಿಟಕಿಯ ಕೆಳಗೆ ನಿಲ್ಲಿಸಿದ್ದ. ವರ್ತಕ ಹೆಸರು ಕೇಳಿದ. ನನ್ನ ಹೆಸರು ಸ್ವಲ್ಪ ಉದ್ದ ಎಂದು ಠಕ್ಕ ನಿಧಾನವಾಗಿ ಹೇಳಿದ. ವರ್ತಕನ ಕಣ್ಣು ಇನ್ನೊಬ್ಬ ಗಿರಾಕಿಯ ಮೇಲಿತ್ತು. ಬಾಯಿ ಮಾತ್ರ ಅಭ್ಯಾಸದಂತೆ ಕೂಗಿತು: "ಟವೆಲು ತೆಗೆ, ಮಡಿಸು, ಈರಪ್ಪ, ಕಿಟಕಿ ತೆಗೆ, ಗಂಟೆಲ್ಲ ಬೀದಿಗೆ ಎಸೆ, ಸಿದ್ದಪ್ಪ."

ಈರಪ್ಪ ಎಂದು ಕೇಳಿದೊಡನೆ ಹೆಸರು ಮುಗಿಯಿತೆಂದು ಆಳು ತಿಳಿದ. ಆಮೇಲೆ ಬಂದದ್ದೆಲ್ಲ ಅಪ್ಪಣೆ. ಅವನು ಕಿಟಕಿ ತೆಗೆದ. ಗಂಟೆಲ್ಲ ಬೀದಿಗೆ ಎಸೆದ. ವರ್ತಕ ಹೊರಗೆ ಓಡಿ ಬರುವಷ್ಟರಲ್ಲಿ ಗಾಡಿ ಊರು ದಾಟಿತ್ತು. ದೂರು ಕೊಡಲು ಹೋದರೆ ಎಸೆಯಲು ಹೇಳಿದವರು ಯಾರು ಎಂದು ಊರ ಹಿರಿಯರು ಕೇಳಿದರು. ಅಂಗಡಿಯಲ್ಲಿದ್ದವರೆಲ್ಲ ಒಂದೇ ಬಾಯಲ್ಲಿ ವರ್ತಕನ ಹೆಸರು ಹೇಳಿದರು.

ವರ್ತಕ ಮೂರು ದಿನ ಅಂಗಡಿ ತೆಗೆಯಲಿಲ್ಲ. ಕಳೆದುಕೊಂಡ ಸಂಕಟಕ್ಕಿಂತ, ಕಳೆದದ್ದು ತನ್ನ ಬಾಯಿಂದಲೇ ಎಂಬ ಸಂಕಟ ಅವನಿಗೆ ಹೆಚ್ಚಾಗಿತ್ತು. ನಾಲ್ಕನೆಯ ದಿನ ಕಿಂಡಿಗೆ ಹಗ್ಗ ಕಟ್ಟಿ ಒಂದು ಬುಟ್ಟಿ ತೂಗುಹಾಕಿದ. ಆಳನ್ನು ಕರೆದು ಹೇಳಿದ: ಕೆಲಸವನ್ನು ನಾನು ಕೂಗುತ್ತೇನೆ, ಕಿವಿಗೆ ಬಿದ್ದದ್ದನ್ನು ಮಾಡು. ಹೆಸರನ್ನು ಇನ್ನು ಕೂಗುವುದಿಲ್ಲ, ಚೀಟಿಯಲ್ಲಿ ಬರೆದು ಬುಟ್ಟಿಯಲ್ಲಿ ಕಳಿಸುತ್ತೇನೆ. ಚೀಟಿಯಲ್ಲಿ ಏನೇ ಇರಲಿ, ಅಂಗಡಿಗೆ ಬೆಂಕಿ ಬಿದ್ದಿದೆ ಎಂದೇ ಇರಲಿ, ನೀನು ಅದನ್ನು ಗಂಟಿನ ಮೇಲೆ ಬರೆ, ಅಷ್ಟೆ.

ಕೆಲವು ತಿಂಗಳ ಮೇಲೆ ಅದೇ ಠಕ್ಕ ತಲೆಗೆ ರುಮಾಲು ಸುತ್ತಿಕೊಂಡು ಮತ್ತೆ ಬಂದ. ಮತ್ತೆ ಟವೆಲು ಕೇಳಿದ. ಮತ್ತೆ ಅದೇ ಉದ್ದದ ಹೆಸರು ಹೇಳಿದ. ವರ್ತಕ ಒಂದಕ್ಷರ ಬಿಡದೆ ಬರೆದು ಬುಟ್ಟಿಗೆ ಹಾಕಿದ. ಸ್ವಲ್ಪ ಹೊತ್ತಿಗೆ ಟವೆಲಿನ ಗಂಟು ಇಳಿದು ಬಂತು. ಅದರ ಸುತ್ತಲೂ ದಪ್ಪ ಅಕ್ಷರದಲ್ಲಿ 'ಈರಪ್ಪ ಕಿಟಕಿ ತೆಗೆ ಗಂಟೆಲ್ಲ ಬೀದಿಗೆ ಎಸೆ ಸಿದ್ದ' ಎಂದು ಬರೆದಿತ್ತು. ಸಂತೆಯ ಜನ ಓದಿಕೊಂಡು ನಗುವಾಗ ಠಕ್ಕ ಆ ಗಂಟನ್ನು ಬಗಲಲ್ಲಿ ಮುಚ್ಚಿಕೊಂಡು ಹೋಗಬೇಕಾಯಿತು.

ಗುರುಗಳು ಕತೆ ನಿಲ್ಲಿಸಿದರು. ಪಂಪಾಪತಿಗೆ ತುಂಬ ಸಂತೋಷವಾಗಿತ್ತು. ಬುಟ್ಟಿಯ ಉಪಾಯ ಅವನಿಗೆ ಬಹಳ ಹಿಡಿಸಿತು. ಕೂಗುವುದೇ ಬೇರೆ, ಚೀಟಿಯಲ್ಲಿ ಕಳಿಸುವುದೇ ಬೇರೆ. ಗುರುಗಳು ಹೇಳಿದ ನಾಲ್ಕು ಸಾಲಿನ ಅರ್ಥ ಇದೇ ಎಂದು ಅವನಿಗೆ ಹೊಳೆಯಿತು. ಆದರೂ ಒಂದು ಅನುಮಾನ ಉಳಿದಿತ್ತು. ಇದ್ದದ್ದನ್ನು ಇದ್ದಂತೆ ಕೇಳುವುದು ಅವನ ರೂಢಿ.

"ಕತೆ ಅರ್ಥವಾಯಿತು, ಗುರುಗಳೇ. ಊರೆಲ್ಲ ಬಂದು ಹೋಗುವ ಅಂಗಡಿಗೆ ಬುಟ್ಟಿ ಬೇಕು. ಆದರೆ ನನ್ನ ಪ್ರೋಗ್ರಾಮನ್ನು ಮುಟ್ಟುವವರು ಹಾಲಮ್ಮನವರು ಒಬ್ಬರೇ. ಆ ಗರಿಗಳನ್ನು ಮಕ್ಕಳಂತೆ ನೋಡಿಕೊಂಡವರು. ನಮ್ಮಲ್ಲಿಗೆ ಠಕ್ಕರು ಎಲ್ಲಿಂದ ಬರಬೇಕು?"

ಗುರುಗಳು ಪಕ್ಕಕ್ಕಿಟ್ಟಿದ್ದ ಪಟ್ಟಿಯನ್ನು ಎತ್ತಿ, ಒಂದು ಹೆಸರಿನ ಮೊದಲಿಗಿದ್ದ ನಕ್ಷತ್ರದ ಮೇಲೆ ಬೆರಳಿಟ್ಟು, ಅವನ ಕಡೆ ತಿರುಗಿಸಿದರು.

ಪಂಪಾಪತಿ ಕುತೂಹಲದಿಂದ ಬಗ್ಗಿ ನೋಡಿದ. ಹಾಲಮ್ಮನವರ ದುಂಡಗಿನ ಅಕ್ಷರ. ಮೊದಲು ನಕ್ಷತ್ರ, ಸ್ವಲ್ಪ ಜಾಗ, ಆಮೇಲೆ ಹೆಸರು. ನಾಳೆ ಬೆಳಿಗ್ಗೆ ಅವರು ಪ್ರೋಗ್ರಾಮಿನಲ್ಲಿ ಬರೆಯುವುದೂ ಇದನ್ನೇ. ಪ್ರೋಗ್ರಾಮ್ ಅದರ ಮೊದಲಿಗೆ 'ಅಳಿಸು' ಎಂದು ಸೇರಿಸಿ ಕೂಗುತ್ತದೆ. ಬಿಡಿಯಾಗಿ ನಿಂತ ನಕ್ಷತ್ರವನ್ನು ಶೆಲ್ 'ಇಲ್ಲಿ ಇರುವುದೆಲ್ಲ' ಎಂದು ಓದುತ್ತದೆ. ಶೆಲ್ ಕಲಿಯಲು ಕೂತ ಮೊದಲ ವಾರವೇ ಅವನು ಅದನ್ನು ಓದಿಕೊಂಡಿದ್ದ. ಹನ್ನೆರಡು ವರ್ಷದ ಚಿತ್ರಗಳು ಅವನ ಕಣ್ಣ ಮುಂದೆ ಬಂದವು. ಅವನು ತಲೆ ಎತ್ತಿದ.

ಗುರುಗಳು ಕೇಳಿದರು: "ಹೂವಾಡಿಗ ಠಕ್ಕನಾಗಿದ್ದನೇ?"