ಮಿಕ್ಕ ಅನ್ನ

ಚೌರಪ್ಪ ಕೇಳಿದ:

"ಉಪದೇಶಿಗಳೇ, ಸತ್ತವರು ಏಳುತ್ತಾರೆ ಅಂತ ಪ್ರತಿ ಭಾನುವಾರ ಚರ್ಚಿನಲ್ಲಿ ಎಲ್ಲರ ಜೊತೆ ನಿಂತು ಹೇಳುತ್ತೇನೆ. ನಂಬಿಯೇ ಹೇಳುತ್ತೇನೆ. ನನ್ನ ಹೆಂಡತಿಯೂ ಏಳುತ್ತಾಳೆ. ಆದರೆ ಅಲ್ಲಿಯವರೆಗೆ? ಸೋಮವಾರ ಇದೆ, ಮಂಗಳವಾರ ಇದೆ. ಅವಳ ಮೊಬೈಲಿಗೆ ಇನ್ನೂ ಕರೆನ್ಸಿ ಹಾಕಿಸುತ್ತಿದ್ದೇನೆ. ಬೇರೆ ಏನು ಮಾಡಬೇಕೋ ಗೊತ್ತಿಲ್ಲ. ಆ ಮನೆಯಲ್ಲಿ ನಾನು ಏನು ಮಾಡಲಿ?"

ಉಪದೇಶಿ ಇನ್ನಾಸಪ್ಪನವರು ಊರಿನ ಚರ್ಚಿನಲ್ಲಿ ಜಪ ಕಲಿಸುವವರು. ಜಪಸರ ಮಡಚಿ ಜೇಬಿಗೆ ಹಾಕಿಕೊಂಡರು. ಆಮೇಲೆ ಹೇಳಿದರು.

ಒಬ್ಬ ಸುಣ್ಣ ಸುಡುವವನಿದ್ದ. ಮನೆಯಲ್ಲಿ ಅವನು, ಅವನ ಹೆಂಡತಿ, ಇಬ್ಬರೇ. ಹೆಂಡತಿ ಹಾಸಿಗೆ ಹಿಡಿದಳು. ಮಲಗಿದಲ್ಲಿಂದಲೇ ಅವನಿಗೆ ಅಡುಗೆ ಕಲಿಸಿದಳು. "ನಿಮ್ಮೊಬ್ಬರಿಗೆ ಒಂದು ಪಾವು ಅಕ್ಕಿ. ನೀರು ಬೆರಳಿನ ಗೆರೆಗೆ ಬರಲಿ. ಉರಿ ಸಣ್ಣಗಿರಲಿ" ಅಂದಳು. ಅಷ್ಟು ಹೇಳಿದವಳು ಹೆಚ್ಚು ದಿನ ಇರಲಿಲ್ಲ.

ಮಣ್ಣು ಮಾಡಿದ್ದಾಯಿತು. ನೆಂಟರು ಹೋದರು. ಅವನೇ ಒಲೆ ಹಚ್ಚಿದ. ಪಾವು ತುಂಬ ಅಕ್ಕಿ ಬೇಯಿಸಿದ. ಹೊಟ್ಟೆ ತುಂಬುವಷ್ಟು ಉಂಡ. ಪಾತ್ರೆಯ ತಳದಲ್ಲಿ ಸ್ವಲ್ಪ ಅನ್ನ ಮಿಕ್ಕಿತು.

ಮಾರನೆಯ ದಿನವೂ ಮಿಕ್ಕಿತು. ಅದರ ಮಾರನೆಯ ದಿನವೂ ಅಷ್ಟೇ. ಅಳತೆ ತಪ್ಪಿರಲಿಲ್ಲ. ಹಸಿವೂ ಕಡಿಮೆ ಇರಲಿಲ್ಲ. ಸುಣ್ಣದ ಗೂಡಿನ ಮುಂದೆ ದುಡಿದವನ ಹಸಿವು ಎಲ್ಲಿ ಹೋಗುತ್ತದೆ? ಹಾಗಾದರೆ ಈ ಅನ್ನ ಯಾರದು?

ಅವನು ಯೋಚಿಸಿದ. ಹೆಂಡತಿ ಯಾವಾಗಲೂ ಅವನು ಉಂಡ ಮೇಲೆ ಉಣ್ಣುತ್ತಿದ್ದಳು. ಪಾತ್ರೆಯಲ್ಲಿ ಮಿಕ್ಕದ್ದೇ ಅವಳ ಊಟ. ಮಿಕ್ಕಿದೆ ಅಂದರೆ ಅವಳು ಇಲ್ಲೇ ಇದ್ದಾಳೆ.

ಅವನಿಗೆ ಸಮಾಧಾನವಾಯಿತು. ದಿನವೂ ಉಂಡು ಕೈ ತೊಳೆದು ಪಾತ್ರೆಯ ಮುಂದೆ ಕೂರುತ್ತಿದ್ದ. ಒಲೆಯ ಆಚೆ ಬದಿಯಲ್ಲಿ ಹೊಗೆ ನಿಧಾನ ಏಳುತ್ತಿತ್ತು. ಹೊಗೆಯೊಳಗೆ ಅವಳ ಭುಜ ಕಾಣುತ್ತಿತ್ತು, ತಲೆ ಬಗ್ಗಿಸಿ ಉಣ್ಣುವಾಗಿನ ಭುಜ. ಮುಖ ಕಾಣುತ್ತಿರಲಿಲ್ಲ. ಅವನಿಗೆ ಅಷ್ಟೇ ಸಾಕು. ಸುಣ್ಣದ ಕಲ್ಲು ಸರಿಯಾಗಿ ಬೆಂದಿಲ್ಲ ಅನ್ನುತ್ತಿದ್ದ. ಗಾಳಿ ತಿರುಗಿತು ಅನ್ನುತ್ತಿದ್ದ. ಮಾತಾಡುತ್ತ ಮಾತಾಡುತ್ತ ಕಣ್ಣು ಎಳೆಯುತ್ತಿತ್ತು. ನಿದ್ದೆಯಲ್ಲೂ ಅದೇ ಹೊಗೆ, ಅದೇ ಭುಜ. ಎಲ್ಲಿ ಎಚ್ಚರ ಮುಗಿಯಿತು, ಎಲ್ಲಿ ನಿದ್ದೆ ಹತ್ತಿತು ಅನ್ನುವುದು ಅವನಿಗೇ ತಿಳಿಯುತ್ತಿರಲಿಲ್ಲ.

ಬೆಳಿಗ್ಗೆ ಆ ಅನ್ನವನ್ನು ಹೊಳೆಗೆ ಬಿಡುತ್ತಿದ್ದ. ನಾಯಿಗೂ ಹಾಕುತ್ತಿರಲಿಲ್ಲ. ಯಾರಾದರೂ ಕರೆಯಲು ಬಂದರೆ, ಅವಳು ಊಟಕ್ಕೆ ಕೂತಿದ್ದಾಳೆ, ಆಮೇಲೆ ಬನ್ನಿ ಅನ್ನುತ್ತಿದ್ದ. ಪೂಜೆಗೆ ಹೋಗುವುದನ್ನೂ ಬಿಟ್ಟ. ಅವಳು ಮನೆಯಲ್ಲೇ ಇರುವಾಗ ಚರ್ಚಿನಲ್ಲಿ ತನಗೇನು ಕೆಲಸ?

ಒಂದು ಸಂಜೆ ಒಬ್ಬ ಮುದುಕಿ ಬಾಗಿಲಿಗೆ ಬಂದಳು. ಅವನು ಪಾತ್ರೆಯ ಮುಂದೆ ಕೂತು ಮಾತಾಡುತ್ತಿದ್ದ.

"ಅನ್ನ ಏನಂತು ಮಗಾ?" ಅಂದಳು.

"ಯಾರಮ್ಮ ನೀನು?"

"ಕೆಳಗಿನ ಬೀದಿಯವಳು. ಇಲ್ಲಿ ನಿನ್ನ ಹೆಂಡತಿ ಕಣ್ಣು ಮುಚ್ಚಿದಳು, ಅಲ್ಲಿ ನನ್ನ ಒಲೆ ಆರಿತು. ಆ ಅನ್ನ ಇತ್ತ ಕೊಡು."

"ಮುಟ್ಟಬೇಡ. ಅದು ಅವಳ ಪಾಲು."

ಮುದುಕಿ ಹೊಸ್ತಿಲ ಮೇಲೆ ಕೂತಳು. ನಕ್ಕಳು.

"ಅವಳ ಪಾಲಾ! ದಿನಾ ಅಕ್ಕಿ ಅಳೆದು, ಪಾವಿನಿಂದ ಒಂದು ಹಿಡಿ ತೆಗೆದು ಮೂಲೆಯ ಆ ಕುಡಿಕೆಗೆ ಹಾಕೋಳು. ಉಳಿದದ್ದು ಒಲೆಗೆ. ಭಾನುವಾರ ಪೂಜೆ ಮುಗಿಸಿ ಬಂದು ಕುಡಿಕೆಯನ್ನ ನನ್ನ ಸೆರಗಿಗೆ ಸುರಿಯೋಳು. ಬಲಗೈ ಕೊಟ್ಟದ್ದು ಎಡಗೈಗೆ ಗೊತ್ತಾಗಬಾರದು ಅಂತ ಯೇಸುಸ್ವಾಮಿ ಹೇಳಿದ್ದಾರಲ್ಲ, ಅದಕ್ಕೇ ನಿನಗೆ ಹೇಳಿಲ್ಲ. ನೀನು ಅವಳ ಎಡಗೈ ಕಣಪ್ಪ. ಈಗ ಹಿಡಿ ತೆಗೆಯೋರಿಲ್ಲ, ಅದಕ್ಕೆ ಮಿಗುತ್ತೆ. ಅದು ನನ್ನ ಅನ್ನ."

ಅವನು ಮೂಲೆ ನೋಡಿದ. ಕುಡಿಕೆ ಇತ್ತು. ಇಷ್ಟು ವರ್ಷ ಅದರಲ್ಲಿ ಏನಿದೆ ಅಂತ ಅವನು ಕೇಳಿರಲಿಲ್ಲ. ಕೈ ಹಾಕಿದ. ಬೆರಳ ತುದಿಗೆ ನಾಲ್ಕು ಕಾಳು ಅಕ್ಕಿ ಅಂಟಿ ಬಂತು.

"ಹಾಗಾದರೆ ಇಷ್ಟು ದಿನ ಅವಳು ಇಲ್ಲಿ ಕೂತಿರಲಿಲ್ಲವಾ?"

"ಅವಳು ಕೂತಿದ್ದರೆ ನಾನು ಹಸಿದಿರುತ್ತಿದ್ದೆನಾ?" ಅಂದಳು ಮುದುಕಿ.

ಅವನು ಅತ್ತ. ಮಣ್ಣು ಮಾಡಿದ ದಿನ ಅಷ್ಟು ಅತ್ತಿರಲಿಲ್ಲ. ಮುದುಕಿ ಸಮಾಧಾನ ಹೇಳಲಿಲ್ಲ. ಪಾತ್ರೆಯನ್ನೇ ನೋಡುತ್ತಿದ್ದಳು. ಅವನು ಎದ್ದು ಅವಳಿಗೆ ಬಡಿಸಿದ. ಅವಳು ಒಲೆಯ ಆಚೆ ಬದಿಯಲ್ಲೇ ಕೂತು ಉಂಡಳು. ಹೊಗೆಗೆ ಕೆಮ್ಮಿದಳು. ಉಪ್ಪು ಸಾಲದು ಅಂದಳು.

ಮಾರನೆಯ ಸಂಜೆ ಅವನು ಅಕ್ಕಿ ಅಳೆದ. ತುಂಬಿದ ಪಾವನ್ನು ಹಿಡಿದು ಬಹಳ ಹೊತ್ತು ನಿಂತಿದ್ದ. ಹಿಡಿ ತೆಗೆದರೆ ಹೆಂಡತಿ ಹೋಗುತ್ತಾಳೆ. ತೆಗೆಯದಿದ್ದರೆ ಮುದುಕಿ ಹಸಿಯುತ್ತಾಳೆ. ಕೊನೆಗೆ ಒಂದು ಹಿಡಿ ತೆಗೆದ. ಕುಡಿಕೆಗೆ ಹಾಕಿದ. ಉಳಿದದ್ದನ್ನು ಬೇಯಿಸಿ ಉಂಡ. ಪಾತ್ರೆ ಬರಿದಾಯಿತು. ಒಲೆಯ ಆಚೆ ಬರೀ ಹೊಗೆ ಇತ್ತು.

ಇನ್ನಾಸಪ್ಪನವರು ಕತೆ ನಿಲ್ಲಿಸಿದರು.

ಚೌರಪ್ಪ ಅಂದ: "ಪಾಪ, ಉಪದೇಶಿಗಳೇ. ಇದ್ದ ಒಂದು ಸುಖವನ್ನೂ ಕಳಕೊಂಡನಲ್ಲ. ಆಮೇಲೆ ಅವಳು ಬರಲೇ ಇಲ್ಲವಾ?"

"ಅವಳು ಬರಲಿಲ್ಲ ಚೌರಪ್ಪ, ಅವಳ ಕೆಲಸ ಅವನ ಕೈಗೆ ಬಂತು."