ಅಮಾವಾಸ್ಯೆಯ ಅರ್ಧ ದಿನ

ಎಣ್ಣೆ ಮಿಲ್ಲಿನ ಯಜಮಾನರು ತಮ್ಮ ಹಳೇ ಕಾರನ್ನು ಗ್ಯಾರೇಜಿನ ಮುಂದೆ ನಿಲ್ಲಿಸಿದರು. ಬ್ರೇಕು ಕಿರ್ರೆಂದು ಬೀದಿಗೆಲ್ಲ ಕೇಳಿಸಿತು.

"ಈ ಸದ್ದು ಇವತ್ತೇ ಹೋಗಬೇಕು. ಇಲ್ಲದಿದ್ದರೆ ನನ್ನ ಜಾಗ ಖಾಲಿ ಮಾಡು!"

ಮೇಸ್ತ್ರಿ ಚಕ್ರ ಬಿಚ್ಚಿದ. ಬ್ರೇಕಿನ ಲೈನಿಂಗು ಗಾಜಿನ ಹಾಗೆ ನುಣುಪಾಗಿತ್ತು. ಸುತ್ತ ಕರಿ ಧೂಳು.

"ಸದ್ದು ಯಾವಾಗಿಂದ, ಯಜಮಾನ್ರೇ?"

"ಮೂರು ತಿಂಗಳಾಯ್ತು. ಅದಕ್ಕೆ ಮೊದಲು ಇಪ್ಪತ್ತು ವರ್ಷ ಸದ್ದೇ ಇರಲಿಲ್ಲ."

"ಮೂರು ತಿಂಗಳ ಹಿಂದೆ ಏನು ಬದಲಾಯಿಸಿದ್ರಿ?"

"ಏನೂ ಇಲ್ಲ. ಡ್ರೈವರ್ ಚನ್ನವೀರನನ್ನ ಬಿಡಿಸಿದೆ. ಅಮಾವಾಸ್ಯೆ ಬಂದರೆ ಕಾರಿಗೆ ಪೂಜೆ ಅಂತ ಅರ್ಧ ದಿನ ಹಾಳು ಮಾಡ್ತಿದ್ದ."

"ನಿಂಬೆಹಣ್ಣಿಟ್ಟು ಕೈಮುಗಿಯೋಕೆ ಎಷ್ಟು ಹೊತ್ತು ಬೇಕು? ಮಿಕ್ಕ ಹೊತ್ತೆಲ್ಲ ಇಲ್ಲೇ ಕೂತು ಚಕ್ರ ಬಿಚ್ಚಿ, ಧೂಳು ಒರೆಸಿ, ನುಣುಪಾಗಿ ಸದ್ದು ಬರದ ಹಾಗೆ ಈ ಲೈನಿಂಗು ಉಜ್ಜುತ್ತಿದ್ದ."

ಯಜಮಾನರು ಲೈನಿಂಗನ್ನು ಬೆರಳಲ್ಲಿ ಮುಟ್ಟಿ ನೋಡಿದರು. ಆಮೇಲೆ ಮೆಲ್ಲಗೆ ಹೇಳಿದರು, "ಅವನನ್ನ ಕರೆಸು. ಮತ್ತೆ ಕೆಲಸಕ್ಕೆ ಇಟ್ಕೋತೀನಿ."

ಮೇಸ್ತ್ರಿ ತಲೆ ಎತ್ತಲಿಲ್ಲ. "ಚನ್ನವೀರ ಹಾಸಿಗೆ ಹಿಡಿದಾಗಲೂ ನಿಮ್ಮ ಕಾರಿನ ಸದ್ದು ಬೀದೀಲಿ ಕೇಳಿದ್ರೆ, 'ಯಾರೂ ಚಕ್ರ ಬಿಚ್ಚಿಲ್ಲ ಕಣೋ' ಅಂತ ಕಣ್ಣೀರು ಹಾಕ್ತಿದ್ದ. ಮೊನ್ನೆ ಮಣ್ಣು ಮಾಡಿ ಬಂದ್ವಿ."

ಮೇಸ್ತ್ರಿ ಲೈನಿಂಗು ಉಜ್ಜುವ ಎಮರಿ ಪೇಪರನ್ನು ಎರಡಾಗಿ ಹರಿದು, ಒಂದು ತುಂಡನ್ನು ಯಜಮಾನರ ಕೈಗಿಟ್ಟ.

"ಕೂತ್ಕೊಳ್ಳಿ. ನಾಳೆ ಅಮಾವಾಸ್ಯೆ."